ಗಂಟಲ ಕೆಳಗಿನ ಗುಳಿ

ಗುಳಿ ಮತ್ತೆ ಬಿತ್ತು, ಗಂಟಲ ಕೆಳಗೆ, ಹೆಬ್ಬೆರಳು ಊರಿದಷ್ಟು, ತುಂಬಿತು, ಮತ್ತೆ ಬಿತ್ತು — ಎರಡು ವರ್ಷದ ನನ್ನ ಮಗ ಉತ್ತಮ ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ನಡುವಿನ ಚರ್ಮ ಒಳಸೇರುತ್ತದೆ, ಆಕ್ಸಿಜನ್ ಬಾಟಲಿಯಲ್ಲಿ ನೀರು ಗುಳುಗುಳು ಅನ್ನುತ್ತದೆ, ದಡಾರ ಎದಿಗೆ ಇಳದೈತಿ, ನ್ಯುಮೋನಿಯಾ, ಇಷ್ಟ ದಿನಾ ಏನ್ ಮಾಡಾಕತ್ತಿದ್ರಿ ಅಂದರು ಡಾಕ್ಟರು, ಅತ್ತೆ ಸೆರಗು ಸರಿಮಾಡಿಕೊಂಡು, ಆಕಿ ತಾಯಿರೀ, ಸಾಲಿ ಕಲ್ತಾಕಿ, ಆಕಿನ್ನ ಕೇಳ್ರಿ — ತಾಯಿ, ಬೆಳಗಾವಿಯ ದವಾಖಾನೆಗೆ ಬಂದಮೇಲೆ ನಾನು ತಾಯಿ, ಖಾನಾಪುರದ ಮನೆಯಲ್ಲಿ ಯಾರಾಗಿದ್ದೆ, ಮಗುವಿನ ಮೈಮೇಲೆ ಕೆಂಪು ಗುಳ್ಳೆ ಎದ್ದ ದಿನವೇ ಅತ್ತೆ ಅವನ ಕೋಣೆಯ ಬಾಗಿಲಿಗೆ ಬೇವು ಕಟ್ಟಿ, ಮನಿಗೆ ದೇವಿ ಅವ್ವ ಬಂದಾಳ, ಹೊಸ್ತಿಲಾ ದಾಟಬ್ಯಾಡ ಜಿನಮತಿ, ಬೋಳ ಹಣಿ ಕಂಡ್ರ ಅವ್ವಗ ಸಿಟ್ಟ ಬರ್ತದ, ಈ ಹಣೆ ಬೋಳಾಗಿ ಇನ್ನೂ ವರ್ಷವಾಗಿಲ್ಲ, ಧಾರವಾಡದಲ್ಲಿ ಎಂ.ಎ. ಓದಿದ ಹಣೆ, ಹೊರಗೆ ನಿಂತು ಅವನ ಕೆಮ್ಮು ಕೇಳಿದೆ, ಅತ್ತೀರಿ, ಡಾಕ್ಟರಿಗೆ ತೋರಸೂಣ್ರಿ ಅಂದೆ, ಸೂಜಿ ಚುಚ್ಚಿಸಿದ್ರ ಅವ್ವ ಮುನಿತಾಳ, ಗಂಡನ್ನೂ ದವಾಖಾನಿಗೆ ಒಯ್ದಿದ್ದಿ, ತಿರುಗಿ ತಂದ್ಯೇನ — ನಾನು ಮತ್ತೆ ಹೊಸ್ತಿಲ ಹೊರಗೇ ಕೂತೆ, ಕೆಮ್ಮು ಸೀಟಿಯಾಯಿತು, ಸೀಟಿ ನರಳಾಟವಾಯಿತು, ತುಟಿ ನೀಲಿಯಾದಾಗ ಮಾತ್ರ ಅವಳಿಗೆ ನೆರೆಮನೆ ಈರಣ್ಣನ ಜೀಪು ನೆನಪಾಯಿತು, ಜೀಪಿನಲ್ಲೂ ಮಗು ಅವಳ ತೊಡೆಯ ಮೇಲೇ, ನಾನು ಹಿಂದಿನ ಸೀಟಿನಲ್ಲಿ.

ಈಗ ಅತ್ತೆ ಗಾಜಿನ ಬಾಗಿಲಾಚೆ ನಿಂತಿದ್ದಾಳೆ, ರೂಪಾಯಿಯಗಲ ಕುಂಕುಮ ಇಟ್ಟುಕೊಂಡು, ನರ್ಸ್ ಕಾಂತಾ ಹೊರಗೆ ಕಳಿಸಿದಳು, ತಾಯಿ ಒಬ್ಬಾಕಿ ಕುಂದರ್ರಿ, ಆಯಿ, ನೀವು ನಡೀರಿ, ಆ ಕೈಯಾಗಿನ ಬೇವಿನ ಸೊಪ್ಪು ಮನಿಗೆ ಒಯ್ದು ಪಲ್ಯಾ ಮಾಡ್ಕೋರಿ, ನನ್ನ ಕಡೆ ತಿರುಗಿ, ಕೂಸಿನ್ನ ಅಳಾಕ ಬಿಡಬ್ಯಾಡ್ರಿ ಬಾಯಾರ, ಅತ್ರ ಇದ್ದ ಉಸುರೂ ಹೋಗ್ತದ — ನಿಂತಿರಲಿ ಅವಳು, ಕಾಲು ನೋಯಲಿ, ಹೊಸ್ತಿಲು ಎಂದರೇನೆಂದು ತಿಳಿಯಲಿ, ಉತ್ತಮ ಕಣ್ಣು ತೆರೆಯುತ್ತಾನೆ, ನನ್ನನ್ನು ದಾಟಿ ನೋಡುತ್ತಾನೆ, ಆಯಿ ಅನ್ನುತ್ತಾನೆ, ಅಜ್ಜಿಯನ್ನು ಕರೆಯುತ್ತಾನೆ, ಇದ್ದ ಗಾಳಿಯನ್ನೆಲ್ಲ ಆ ಹೆಸರಿಗೆ ಸುರಿದುಬಿಟ್ಟ, ತಲೆ ನೇವರಿಸಿದರೆ ತಲೆ ಸರಿಸುತ್ತಾನೆ, ಇಷ್ಟು ದಿನ ಮುಟ್ಟದ ಕೈ ಅವನಿಗೆ ಯಾರದೋ ಕೈ, ಇದನ್ನೂ ಕಿತ್ತುಕೊಂಡಳು, ಅವಳನ್ನು ಒಳಗೆ ಕರೆಯುವುದಿಲ್ಲ, ನಾನು ತಾಯಿ, ಡಾಕ್ಟರ ಮುಂದೆ ಅವಳೇ ಹೇಳಿದ್ದಾಳೆ, ಅವನ ತುಟಿ ಸೊಟ್ಟಗಾಗುತ್ತಿದೆ, ಅಳು ಬರುತ್ತಿದೆ, ಬರ್ರಿ ಒಳಗ ಅನ್ನಬೇಕು, ಅಷ್ಟೇ, ಬರ್ರಿ ಅಂದರೂ ಸಾಕು, ನನ್ನ ಹಲ್ಲು ಕಚ್ಚಿಕೊಂಡಿವೆ, ಅವನ ಬಾಯಿ ತೆರೆಯಿತು, ಸದ್ದಿಲ್ಲ, ಗುಳಿ ಬಿತ್ತು, ಇನ್ನೂ ಆಳಕ್ಕೆ, ಗುಳಿ —