ತೊಳೆದ ಕಸ

"ಏಯ್ ಮುಂಡೇದೇ, ಒದ್ದೆ ಲೋಟ ಯಾಕೆ ಚೆಲ್ತೀಯೇ? ಬರೋರ ಕೈಗೆ ಅಂಟಲ್ವಾ? ಒರೆಸಿ ಚೆಲ್ಲು!"

ಮೇಸ್ತ್ರಿ ಕಿರುಚಿದ. ಕೆರೆದಂಡೆಯ ಪಾರ್ಕು ಗುಡಿಸುವವಳು ತೊಳೆದ ಪ್ಲಾಸ್ಟಿಕ್ ಲೋಟಗಳನ್ನು ಸೆರಗಿನಲ್ಲಿ ಒರೆಸಿ ಒರೆಸಿ ಹುಲ್ಲಿನ ಮೇಲೆ ಎಸೆದಳು. ಪರಿಸರ ಜಾಗೃತಿಯವರು ಇನ್ನೇನು ಬರುವ ಹೊತ್ತು. ಬಂದವರಿಗೆ ಹೆಕ್ಕಲು ಕಸ ಬೇಕಲ್ಲ! ನಿಜವಾದ ಕಸ, ಅಂದರೆ ಒಡೆದ ಸೀಸೆ, ಕೂಸುಗಳ ಹೇಲಿನ ಬಟ್ಟೆ, ಎಂಜಲು, ಅದು ಅವರಿಗೆ ಆಗಿಬರುವುದಿಲ್ಲ. ಅದನ್ನೆಲ್ಲ ಮೇಸ್ತ್ರಿ ನಿನ್ನೆಯೇ ಕೆರೆಯ ಮೋರಿಗುಂಡಿಗೆ ತಳ್ಳಿಸಿದ್ದ. ಬೆಳಗಾಗುವಷ್ಟರಲ್ಲಿ ಮೋರಿ ಕಟ್ಟಿಕೊಂಡು ಕಪ್ಪು ನೀರು ದಾರಿಗೆ ಉಕ್ಕಿತ್ತು.

ಬಿಡಿಸಲು ಇಳಿದವನು ಅವಳ ಗಂಡ. ಎಲ್ಲರ ಬಾಯಲ್ಲೂ ಅವನು ಕುಳ್ಳ. ಗುಂಡಿ ಇಕ್ಕಟ್ಟು, ಕುಳ್ಳನೇ ಆಗಬೇಕು. "ಕುಳ್ಳಂಗೆ ಹೆಣ್ಣು ಕೊಡಲ್ಲ ಅಂದಿದ್ಲಲ್ಲೇ ನಿಮ್ಮವ್ವ. ನೋಡೀಗ, ಎಷ್ಟು ಬೇಡಿಕೆ ನಂಗೆ!" ಎಂದು ನಗುತ್ತಲೇ ಸೊಂಟಕ್ಕೆ ಹಗ್ಗ ಬಿಗಿದುಕೊಂಡಿದ್ದ. ಹಗ್ಗದ ಈ ತುದಿ ಯಾವಾಗಲೂ ಅವಳ ಕೈಯಲ್ಲೇ. ಅವಳು ಜಗ್ಗಿದರೆ ಒಳಗಿಂದ ಅವನೂ ಜಗ್ಗಬೇಕು, ಬದುಕಿದ್ದೀನಿ ಅಂತ. ಮೈದುನ ಇಂಥದ್ದೇ ಗುಂಡಿಯಲ್ಲಿ ಕೆಟ್ಟ ಗಾಳಿ ಕುಡಿದು ಸತ್ತ ಮೇಲೆ ಗಂಡಹೆಂಡಿರು ಮಾಡಿಕೊಂಡ ಏರ್ಪಾಡು ಅದು.

ಇವತ್ತು ಲೋಟ ಚೆಲ್ಲಲು ಆಳು ಸಾಲದೆಂದು ಮೇಸ್ತ್ರಿ ಆ ತುದಿಯನ್ನು ಕಿತ್ತುಕೊಂಡು ಕಲ್ಲುಬೆಂಚಿನ ಕಾಲಿಗೆ ಕಟ್ಟಿಬಿಟ್ಟಿದ್ದ.

"ಅಣ್ಣಾ, ಒಂದೇ ಒಂದ್ಸಲ ಜಗ್ಗಿ ಬಂದ್ಬಿಡ್ತೀನಿ. ಎದೆ ಡವಡವ ಅಂತಿದೆ."

"ನಿನ್ ಗಂಡನ್ನೇನು ಮೊಸಳೆ ತಿನ್ನತ್ತಾ? ಬಾಯ್ ಮುಚ್ಕೊಂಡು ಚೆಲ್ಲು. ಇಲ್ಲಾಂದ್ರೆ ನಾಳೆಯಿಂದ ಇಬ್ರೂ ಮನೇಲೇ ಬಿದ್ಕೊಳ್ಳಿ."

ಕೆಲಸ ಹೋದರೆ ಒಲೆ ಹತ್ತುವುದಿಲ್ಲ. ಅವಳು ಮತ್ತೆ ಲೋಟ ಒರೆಸತೊಡಗಿದಳು.

ಜಾಗೃತಿಯವರು ಬಂದರು, ಹಸಿರು ಟೋಪಿ, ಬಿಳಿ ಗ್ಲೌಸು ಹಾಕಿಕೊಂಡು. ಗುಂಡಿ ಕಾಣದಿರಲೆಂದು ಮೇಸ್ತ್ರಿ ಅದರ ಮುಂದೆ ದೊಡ್ಡ ಬ್ಯಾನರು ನಿಲ್ಲಿಸಿದ. ಬ್ಯಾನರಿನ ಕೆಳಗೆ ಕಾಣುವ ಹಗ್ಗದ ಮೇಲೇ ಅವಳ ಕಣ್ಣು. ಕೈಗಳು ತಮ್ಮ ಪಾಡಿಗೆ ತಾವು, ಈಗಷ್ಟೇ ಚೆಲ್ಲಿದ ಲೋಟಗಳನ್ನೇ ಹೆಕ್ಕಿ ಬುಟ್ಟಿಗೆ ತುಂಬತೊಡಗಿದವು.

"ಅಯ್ಯೋ, ಅದು ನಮ್ಗೆ ಬಿಡಮ್ಮ," ಎಂದರು ಟೋಪಿಯವರ ಮುಂದಾಳು ಹೆಂಗಸು. "ನೀವು ಎಲ್ಲೆಂದ್ರಲ್ಲಿ ಕಸ ಹಾಕೋದು ನಿಲ್ಸಿ, ಅಷ್ಟು ಸಾಕು. ಕೆರೆ ಸಾಯ್ತಾ ಇದೆ, ಗೊತ್ತಾ?"

"ಹೂಂ, ಅಮ್ಮಾವ್ರೇ."

ಇಷ್ಟು ಹೊತ್ತು ಅಲ್ಲಾಡುತ್ತಿದ್ದ ಹಗ್ಗ ಸುಮ್ಮನೆ ಬಿದ್ದಿತ್ತು.

ಬುಟ್ಟಿ ಎಸೆದು ಓಡಿದಳು. ಜಗ್ಗಿದಳು. ಉತ್ತರವಿಲ್ಲ. ಮತ್ತೆ ಜಗ್ಗಿದಳು. ಬ್ಯಾನರನ್ನು ಪರಪರನೆ ಹರಿದು ಕೂಗಿದಳು.

"ಅಮ್ಮಾವ್ರೇ, ಕೆರೆ ಆಮೇಲೆ ಸಾಯ್ಲಿ! ನನ್ ಗಂಡ ಸಾಯ್ತಿದಾನೆ ಇಲ್ಲಿ, ಹಿಡೀರಿ ಹಗ್ಗ!"

ಮೇಸ್ತ್ರಿ ಬಂದು ಅವಳ ಜುಟ್ಟು ಹಿಡಿದ. "ಫೋಟೋ ತೆಗೀತಿದಾರೆ ಕಣೇ ಲೌಡಿ! ಹೋಯ್ತು ನಿನ್ ಕೆಲಸ!"

"ಹೋಗ್ಲೋ ಬೋಳೀಮಗನೇ!" ಕಪ್ಪು ನೀರನ್ನು ಬೊಗಸೆಯಲ್ಲಿ ಮೊಗೆದು ಅವನ ಮುಖಕ್ಕೆ ರಾಚಿದಳು. ಅವನು ಕಣ್ಣುಜ್ಜಿಕೊಳ್ಳುತ್ತ ಕೈಬಿಟ್ಟ. "ಏನ್ ನೋಡ್ತೀರಾ, ಎಳೀರಿ!"

ಬಿಳಿ ಗ್ಲೌಸಿನ ಕೈಗಳು ಒಂದೊಂದಾಗಿ ಹಗ್ಗಕ್ಕೆ ಬಂದವು. ಎಳೆದರು. ಹೇಲು, ಕೆಸರು, ಗಾಜಿನ ಚೂರು ಹಗ್ಗದ ಜೊತೆ ಮೇಲೆ ಬಂದು ಗ್ಲೌಸುಗಳೆಲ್ಲ ಕಪ್ಪಾದವು. ಯಾರೋ ಓಕರಿಸಿದರು. ಅವಳು ಬಿಡಲಿಲ್ಲ, ಬಿಡಲು ಕೊಡಲೂ ಇಲ್ಲ.

ಮೊದಲು ಅವನ ಕೈ ಕಂಡಿತು. ಅದು ಹಗ್ಗ ಹಿಡಿದಿರಲಿಲ್ಲ. ಅವಳು ಆ ಕೈಯನ್ನೇ ಹಿಡಿದು ಜಗ್ಗಿದಳು, ಅದು ತಿರುಗಿ ಜಗ್ಗಲಿಲ್ಲ.