ನಾಡಗೌಡರ ಗಿಡ್ಡ ಕುರ್ಚಿ

ನಾನು ಒಂದು ಕುರ್ಚಿ. ಹುಟ್ಟಿದಾಗ ನನ್ನ ಕಾಲುಗಳು ಎಲ್ಲ ಕುರ್ಚಿಗಳ ಕಾಲಿನಷ್ಟೇ ಎತ್ತರವಿದ್ದವು. ಈಗ ಗೇಣುದ್ದ ಉಳಿದಿವೆ. ಇದು ಹೇಗಾಯಿತೆಂದು ಹೇಳಬೇಕಾದರೆ, ನನ್ನ ಮೇಲೆ ಹದಿನೆಂಟು ವರ್ಷ ಕುಳಿತ ಸರದಾರ ಈರಸಂಗಪ್ಪ ನಾಡಗೌಡರ ಕಥೆಯನ್ನೇ ಹೇಳಬೇಕು.

ಆಗ ವಿಕ್ಟೋರಿಯಾ ರಾಣಿಯ ಆಳ್ವಿಕೆ. ಬೆಳಗಾವಿಯಿಂದ ಗಾಡಿಯಲ್ಲಿ ಎರಡು ದಿನದ ಹಾದಿಗೆ ನಾಗಲಕೊಪ್ಪ ಎಂಬ ಪುಟ್ಟ ಸಂಸ್ಥಾನವಿತ್ತು. ಪುಟ್ಟದಾದರೂ ಅದಕ್ಕೊಂದು ಅರಮನೆ, ಅರಸರು ಕೂರಲು ಒಂದು ಗಾದಿ, ಪ್ರತಿ ಗುರುವಾರ ದರಬಾರು. ದರಬಾರಿನಲ್ಲಿ ಗಾದಿಯ ಬಲಗಡೆಯ ಮೊದಲ ಜಾಗ ನಾಡಗೌಡರ ಮನೆತನದ್ದು. ಏಳು ತಲೆಮಾರಿನಿಂದ ಅವರು ಅಲ್ಲಿ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬಂದಿದ್ದರು.

ಈರಸಂಗಪ್ಪನವರಿಗೆ ಐವತ್ಮೂರು ವರ್ಷವಾಗಿದ್ದಾಗ ಅವರ ಕುದುರೆ ಹಳ್ಳದಲ್ಲಿ ಎಡವಿತು. ಕುದುರೆಗೆ ಏನೂ ಆಗಲಿಲ್ಲ. ಗೌಡರ ಬಲಮೊಳಕಾಲು ಮಾತ್ರ ಮತ್ತೆ ಮಡಚಲಿಲ್ಲ. ಆರಡಿ ಎತ್ತರದ, ಗಿರಿಜಾ ಮೀಸೆಯ ಆ ಮನುಷ್ಯ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಹೆಂಡತಿಯ ಮುಂದೆ ಗೋಳಾಡಿದರು.

“ದರಬಾರದಾಗ ನಿಂತರ ಬಾಗಲಾ ಕಾಯೂ ಹುಜರ‍್ಯಾ ಆಗತೀನಿ. ಕುರ್ಚಿ ಮ್ಯಾಲೆ ಕುಂತರ ಧಣೀಕಿಂತ ಎತ್ತರ ಆಗತೀನಿ. ಮನ್ಯಾಗ ಉಳದರ ಜಾಗಾನ ಹೋಗತೈತಿ. ಏನ್ ಮಾಡ್ಲೇ?”

ಹೆಂಡತಿ ಸಾವಂತ್ರಾಬಾಯಿ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ ಹೇಳಿದರು: “ನಿಮ್ಮನ್ನಂತೂ ಗಿಡ್ಡ ಮಾಡಾಕ ಬರೂದಿಲ್ಲ. ಕುರ್ಚಿ ಗಿಡ್ಡ ಮಾಡಬಹುದಲ್ರೀ.”

ಹೀಗೆ ನಾನು ಹುಟ್ಟಿದೆ. ಬಡಿಗೇರ ಮೌನಪ್ಪ ಹಳಿಯಾಳದ ಕಡೆಯಿಂದ ಬಂದ ತೇಗದಲ್ಲಿ ನನ್ನನ್ನು ಮಾಡಿದ. ಬೆತ್ತದ ಆಸನ, ಅಗಲವಾದ ಕೈಗಳು, ಬೆನ್ನಿನಲ್ಲಿ ಎರಡು ಗಿಳಿ. ಕಾಲುಗಳನ್ನು ಮಾತ್ರ ಪೂರ್ತಿ ಉದ್ದಕ್ಕೇ ಬಿಟ್ಟ. “ಎಷ್ಟ ಕೊಯ್ಯಬೇಕಂತ ಅಲ್ಲೇ ನೋಡೂಣು. ಒಮ್ಮಿ ಕೊಯ್ದ ಮ್ಯಾಲೆ ಕೂಡಸಾಕ ಬರೂದಿಲ್ಲ” ಎಂದು ಗರಗಸವನ್ನು ಹೆಗಲಿಗೆ ಹಾಕಿಕೊಂಡು ನನ್ನ ಹಿಂದೆಯೇ ಅರಮನೆಗೆ ಬಂದ.

ಗಾದಿಯ ಮೇಲೆ ಸಂಸ್ಥಾನದ ಅರಸರಾದ ಶ್ರೀಮಂತ ಗಣಪತರಾಯರು ಕೂತಿದ್ದರು. ಇಪ್ಪತ್ತೆರಡರ ಪ್ರಾಯ. ಆಳು ಬಹಳ ಗಿಡ್ಡ. ಅವರ ರುಮಾಲೇ ಅವರ ಅರ್ಧದಷ್ಟಿತ್ತು. ಪಕ್ಕದಲ್ಲಿ ಕಾರಭಾರಿ ವಿಸಾಜಿಪಂತರು. ಸಂಸ್ಥಾನದ ಆಡಳಿತವೆಲ್ಲ ಅವರ ಕೈಯಲ್ಲಿ, ರೀತಿರಿವಾಜು ಎಂದರೆ ಅವರಿಗೆ ಉಸಿರು. ನಾಡಗೌಡರು ನನ್ನ ಮೇಲೆ ಕೂತ ಕೂಡಲೇ ಪಂತರು ಗಾದಿಯಿಂದ ನನ್ನತ್ತ ಒಂದು ದಾರ ಎಳೆದು ಹಿಡಿದರು.

“ಸರದಾರರ ತಲಿ ಶ್ರೀಮಂತರ ತಲಿಗಿಂತ ಆರು ಬೆರಳು ಮ್ಯಾಲೆ ಅದ.”

ಮೌನಪ್ಪ ನನ್ನನ್ನು ಮಗುಚಿ ಹಾಕಿ ಕೊಯ್ದ. ಗೌಡರು ಕೂತರು. ಪಂತರು ದಾರ ಹಿಡಿದರು. “ಇನ್ನೂ ಎರಡು ಬೆರಳು ಅದ.” ಮತ್ತೆ ಕೊಯ್ದದ್ದಾಯಿತು. “ಈಗ ಸರೀ ಸಮ ಆತು. ಸಮ ಆದರೂ ನಡಿಯೂದಿಲ್ಲ.” ಮೂರನೆಯ ಸಲ ಗರಗಸ ಎತ್ತಿದಾಗ ನಾನು ನಡುಗಿದೆ, ಗೌಡರು ಬೆವರಿದರು. ಶ್ರೀಮಂತರು ಮಾತ್ರ ರುಮಾಲಿನ ತುದಿಯಿಂದ ಬಾಯಿ ಮುಚ್ಚಿಕೊಂಡಿದ್ದರು. ಕೊನೆಗೆ ತಡೆಯಲಾರದೆ ಹೊಟ್ಟೆ ಹಿಡಿದು ನಕ್ಕುಬಿಟ್ಟರು. ಗೌಡರನ್ನು ಅವರು ಚಿಕ್ಕಪ್ಪನಂತೆ ಕಾಕಾ ಎಂದೇ ಕರೆಯುತ್ತಿದ್ದರು.

“ಸಾಕು ಬಿಡ್ರಿ ಪಂತರ! ಇನ್ನೊಮ್ಮೆ ಕೊಯ್ದರ ಕಾಕಾ ಜಮಖಾನಿ ಮ್ಯಾಲೇ ಕೂಡಬೇಕಾಗ್ತದ!”

ಅರಸರೇ ನಕ್ಕ ಮೇಲೆ ಎಲ್ಲರೂ ನಕ್ಕರು. ಗೌಡರೂ ನಕ್ಕರು. ಆದರೆ ಆ ಗಡಿಬಿಡಿಯಲ್ಲಿ ಮೂರನೆಯ ಕೊಯ್ತ ಮುಗಿಸುತ್ತಿದ್ದ ಮೌನಪ್ಪನ ಕೈ ಜಾರಿ ನನ್ನ ಎಡಗಡೆಯ ಮುಂಗಾಲು ಕೂದಲೆಳೆಯಷ್ಟು ಗಿಡ್ಡವಾಗಿತ್ತು. ಗೌಡರು ಮಿಸುಕಿದರೆ ನಾನು ‘ಟಕ್’ ಎನ್ನುತ್ತಿದ್ದೆ.

ಈ ಟಕ್ಕಿನಿಂದ ಮುಂದೆ ದೊಡ್ಡ ಫಜೀತಿಯಾಯಿತು. ಆಸ್ಥಾನದಲ್ಲಿ ಕೂರುವವರ ಕೆಲಸವೆಂದರೆ ಮುಖ್ಯವಾಗಿ “ಹೌದು ಸರಕಾರ” ಎನ್ನುವುದು. ನಾಡಗೌಡರು ಅದನ್ನು ಮೂವತ್ತು ವರ್ಷ ಚೆನ್ನಾಗಿಯೇ ಮಾಡಿದ್ದರು. ಆದರೆ ಮನಸ್ಸಿಗೆ ಒಪ್ಪದ ಮಾತಿಗೆ ಹೌದೆನ್ನುವಾಗ ಅವರು ಒಂದು ಪಕ್ಕಕ್ಕೆ ವಾಲುತ್ತಿದ್ದರು. ಜಮಖಾನೆಯ ಮೇಲೆ ಕೂತಾಗ ಅದು ಯಾರಿಗೂ ಕಾಣುತ್ತಿರಲಿಲ್ಲ. ಈಗ ಎಲ್ಲರಿಗೂ ಕೇಳಿಸತೊಡಗಿತು. “ಹೊಸ ಸಾರೋಟಿಗೆ ಹಳದಿ ಬಣ್ಣ ಛಲೋ ಕಾಣ್ತದಲ್ಲ, ಕಾಕಾ?” “ಹೌದು ಸರಕಾರ, ಭಾಳ ಛಲೋ.” ಟಕ್.

ಶ್ರೀಮಂತರು ಜಾಣರು. ನಾಲ್ಕೇ ಗುರುವಾರಗಳಲ್ಲಿ ಗುಟ್ಟು ತಿಳಿದುಕೊಂಡರು. ಆಮೇಲೆ ಟಕ್ ಎಂದಾಗಲೆಲ್ಲ ಕಣ್ಣು ಮಿಟುಕಿಸಿ, “ಕಾಕಾ ಹೌದಂದ್ರು. ಕುರ್ಚಿ ಏನೋ ಬ್ಯಾರೆ ಅನ್ಲಿಕ್ಕೆ ಹತ್ತೇದಲ್ಲ?” ಎನ್ನುವರು. ಗೌಡರು ಮೀಸೆಯಲ್ಲೇ ನಕ್ಕು ನಿಜ ಹೇಳಿಬಿಡುವರು. ಸಾರೋಟಿಗೆ ಹಸಿರು ಬಣ್ಣವಾಯಿತು. ಬೇಸಿಗೆಯಲ್ಲಿ ನಡೆಸಬೇಕೆಂದಿದ್ದ ಕುಸ್ತಿ ಚಳಿಗಾಲಕ್ಕೆ ಹೋಯಿತು. ಮೌನಪ್ಪ ನನ್ನ ಕಾಲಿಗೆ ಚಕ್ಕೆ ಹಚ್ಚಿ ಸರಿಮಾಡುತ್ತೇನೆಂದು ಬಂದಾಗ ಶ್ರೀಮಂತರು, “ಅದನ್ನ ಮುಟ್ಟಿದಿ ಅಂದ್ರ ನೋಡು!” ಎಂದು ಗದರಿಸಿ ಕಳಿಸಿದರು.

ಆದರೆ ಗೌಡರ ಒಳಗೆ ನಾನು ಕೂಡ ಹೊರಗೆಡಹದ ಒಂದು ಮಾತಿತ್ತು. ಅವರಿಗೆ ಓದಲು ಬರುತ್ತಿರಲಿಲ್ಲ. ಕತ್ತಿ, ಕುದುರೆ, ಕುಸ್ತಿಗಳ ನಡುವೆ ಬೆಳೆದ ಮನೆತನದ ಒಬ್ಬನೇ ಮಗನಿಗೆ ಅಕ್ಷರ ಯಾರು ಕಲಿಸಬೇಕು? ಸಾವಂತ್ರಾಬಾಯಿ ಮಾತ್ರ ತವರೂರಿನ ಮಠದಲ್ಲಿ ಅಜ್ಜನ ತೊಡೆಯ ಮೇಲೆ ಕೂತು ಓದು ಕಲಿತಿದ್ದರು. ದರಬಾರಿನ ಕಾಗದಗಳು ಬುಧವಾರವೇ ಮನೆಗೆ ಬರುತ್ತಿದ್ದವು. ಗುರುವಾರ ಬೆಳಿಗ್ಗೆ ಪೂಜೆ ಮುಗಿಸಿ ಬಾಯಿಯವರು ಒಂದೊಂದನ್ನೇ ಓದುವರು. ಗೌಡರು ನನ್ನ ಮೇಲೆ ಕೂತು ಕಣ್ಣು ಮುಚ್ಚಿ ಕೇಳುವರು. ಆಮೇಲೆ ಆಳು ನನ್ನನ್ನು ಮನೆಯಿಂದ ದರಬಾರಿಗೆ ಹೊತ್ತು ತರುವನು. ನೆನಪು ಮಾತ್ರ ಅವರದು ಕಬ್ಬಿಣದ ಪೆಟ್ಟಿಗೆ. ದರಬಾರಿನಲ್ಲಿ ಕಾಗದ ಎದುರಿಗೆ ಹಿಡಿದು ಗಂಭೀರವಾಗಿ ‘ಓದಿ’, ಕೊನೆಗೆ ತಮ್ಮ ಮುದ್ರೆ ಒತ್ತುವರು. ಎಂದಾದರೂ ಹೊಸ ಕಾಗದ ಎದುರಾದರೆ, “ಚಾಳೀಸು ಮನ್ಯಾಗ ಉಳದೈತಿ” ಎಂದು ಕನ್ನಡಕದ ನೆಪ ಹೇಳುವರು.

ಒಂದು ಮಾಘ ಮಾಸದಲ್ಲಿ ಬಾಯಿಯವರು ತಂಗಿಯ ಮಗಳ ಮದುವೆಗೆ ಹೋದರು. ವಿಸಾಜಿಪಂತರೂ ಸಂಸ್ಥಾನದ ಕೆಲಸಕ್ಕೆ ಬೆಳಗಾವಿಗೆ ಹೋಗಿದ್ದರು. ಆ ವಾರ ಅರಮನೆಯ ಗುಮಾಸ್ತನೊಬ್ಬ ನೇರವಾಗಿ ಮನೆಗೆ ಬಂದು, “ಇದೊಂದು ಮಾಮೂಲಿ ಕಾಗದ ಐತ್ರಿ, ಇವತ್ತ ಹೋಗಬೇಕು” ಎಂದ. ಗೌಡರು ಕಾಗದವನ್ನು ನೋಡಿದರು. ಗುಮಾಸ್ತನನ್ನು ನೋಡಿದರು. ಮುದ್ರೆ ಒತ್ತಿದರು. ಅವರ ತೂಕ ಒಂದು ಪಕ್ಕಕ್ಕೆ ವಾಲಿದ್ದು ನನಗೆ ಗೊತ್ತಾಯಿತು. ಟಕ್ ಎಂದೆ, ಆದರೆ ಅದರ ಅರ್ಥ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಒಂದು ತಿಂಗಳ ನಂತರ ದರಬಾರಿಗೆ ಕುರಿಗಾರ ಹಾಲಪ್ಪ ಬಂದ. ಹೆಗಲ ಮೇಲೆ ಕರಿ ಕಂಬಳಿ, ಹಿಂದೆ ಅವನ ಊರಿನ ಹತ್ತು ಜನ. ಕಂಬಳಿಯ ಮಡಿಕೆಯಿಂದ ಒಂದು ಕಾಗದ ತೆಗೆದು ಗೌಡರ ಮುಂದೆ ಹಿಡಿದ.

“ನಮ್ಮ ಊರಿನ ಹುಲ್ಲುಗಾವಲು ಸರಕಾರದ ಶಿಕಾರಿಗೆ ಹೋಗೈತ್ರಿ. ಬೇಲಿ ಹಾಕ್ಯಾರ. ಕುರಿ ಎಲ್ಲಿ ಬಿಡೂದ್ರಿ? ಮೊದಲ ಬಂದು ಕೇಳಬೇಕಂತ ಮಾಡಿದ್ವಿ. ಆದರ ನಿಮ್ಮ ಮುದ್ರಿ ಐತ್ರಿ ಇದರ ಮ್ಯಾಲೆ. ನಾಡಗೌಡ್ರು ಓದಿ ಮುದ್ರಿ ಒತ್ಯಾರಂದ್ರ ನಮ್ಮದ ಏನೋ ತಪ್ಪಿರಬೇಕು ಅಂತ ಇಷ್ಟ ದಿನಾ ಸುಮ್ಮನ ಇದ್ವಿ.”

ಗೌಡರ ಕೈಗಳು ನನ್ನ ಕೈಗಳನ್ನು ಗಟ್ಟಿಯಾಗಿ ಹಿಡಿದವು.

ಶ್ರೀಮಂತರು ಕೇಳಿದರು: “ಕಾಕಾ, ಇದನ್ನ ನೀವು ಓದಿ ಒಪ್ಪಿದ್ರೇನು?”

ಹೌದೆಂದರೆ ಮಾನ ಉಳಿಯುತ್ತಿತ್ತು, ಹುಲ್ಲುಗಾವಲು ಹೋಗುತ್ತಿತ್ತು. ಇಲ್ಲವೆಂದರೆ ಏಳು ತಲೆಮಾರಿನ ಜಾಗದಲ್ಲಿ ಕೂತವನು ಮೂವತ್ತಕ್ಕೂ ಹೆಚ್ಚು ವರ್ಷ ಅರಮನೆಗೇ ಸುಳ್ಳಾಡಿದ ಎಂದಾಗುತ್ತಿತ್ತು. “ಹೌದು ಸರ...” ಎಂದು ಬಾಯಿ ತೆರೆದರು. ಟಕ್.

ಈ ಸಲ ಯಾರೂ ನಗಲಿಲ್ಲ. ಶ್ರೀಮಂತರು ಕಣ್ಣನ್ನೂ ಮಿಟುಕಿಸಲಿಲ್ಲ.

ಗೌಡರು ಕೋಲು ಊರಿ ಎದ್ದು ನಿಂತರು. ರುಮಾಲು ತೆಗೆದು ನನ್ನ ಮೇಲಿಟ್ಟರು. “ನಾ ಓದಿಲ್ಲ, ಸರಕಾರ. ನನಗ ಓದಾಕ ಬರೂದಿಲ್ಲ. ಒಂದ ಅಕ್ಷರಾನೂ ಬರೂದಿಲ್ಲ. ಇಷ್ಟ ವರ್ಷ ನನ್ನ ಮನಿಯಾಕಿ ಓದತಿದ್ದಳು, ನಾ ಕೇಳಿ ಬರತಿದ್ದೆ. ಆ ದಿನಾ ಆಕಿ ಇರಲಿಲ್ಲ. ಹಾಲಪ್ಪಂದು ಏನೂ ತಪ್ಪಿಲ್ಲ. ತಪ್ಪು ನಂದು.”

ಹಾಲಪ್ಪ ಗಾಬರಿಯಾಗಿ ಕಂಬಳಿ ಸರಿಪಡಿಸಿಕೊಂಡ. ಎಲ್ಲರೂ ವಿಸಾಜಿಪಂತರ ಕಡೆ ನೋಡಿದರು. ರಿವಾಜು ಮುರಿದವರನ್ನು ಅವರು ಬಿಟ್ಟವರಲ್ಲ. ಪಂತರು ಮುಂದೆ ಬಂದರು.

“ಸರದಾರರಿಗೆ ಓದಲಿಕ್ಕೆ ಬರೂದಿಲ್ಲ ಅನ್ನೂದು ನನಗ ಹದಿನಾರು ವರ್ಷದಿಂದ ಗೊತ್ತದ” ಎಂದರು. “ಒಮ್ಮೆ ಕಾಗದಾ ತಲಿಕೆಳಗ ಹಿಡದು ಓದಿದ್ರು. ಆದರ ಒಂದು ಮಾತೂ ತಪ್ಪಲಿಲ್ಲ! ಅವತ್ತಿನಿಂದ ಕಾಗದಾ ಬುಧವಾರನೇ ಅವರ ಮನಿಗೆ ಹೋಗೂ ಹಂಗ ನಾನೇ ವ್ಯವಸ್ಥಾ ಮಾಡೇನಿ. ಬಾಯಿಸಾಹೇಬರು ಓದಿದ ಕಾಗದದಾಗ ಇಲ್ಲೀತನಾ ಒಂದೂ ತಪ್ಪಾಗಿಲ್ಲ. ನಾ ಬೆಳಗಾವಿಗೆ ಹೋಗದಿದ್ರ ಇದೂ ಆಗ್ತಿದ್ದಿಲ್ಲ.”

ನಾಡಗೌಡರು ಬಾಯಿ ತೆರೆದುಕೊಂಡು ಪಂತರನ್ನೇ ನೋಡಿದರು. ದಾರ ಹಿಡಿದು ತಮ್ಮ ತಲೆ ಅಳೆದ ಮನುಷ್ಯ ಹದಿನಾರು ವರ್ಷ ತಮ್ಮ ಮಾನ ಕಾದಿದ್ದ!

ಶ್ರೀಮಂತರು ಆ ಕಾಗದವನ್ನು ತರಿಸಿಕೊಂಡು ಎಲ್ಲರ ಎದುರಿಗೆ ಹರಿದರು. “ಹಾಲಪ್ಪಾ, ಬೇಲಿ ಕಿತ್ತು ಹಾಕು. ಕಟಗಿ ನೀನೇ ಒಯ್ಯಿ” ಎಂದರು. ಆಮೇಲೆ ಕೇಳಿದರು: “ನನ್ನ ಸರದಾರರಿಗೇ ಓದು ಇಲ್ಲಂದ್ರ ಊರಿನ ಮಂದಿಗೆ ಎಲ್ಲಿಂದ ಬರಬೇಕು? ಇಲ್ಲೊಂದು ಕನ್ನಡ ಶಾಲಿ ಆಗಬೇಕು. ಯಾರು ನಡಸ್ತಾರ?”

“ಓದು ಬಲ್ಲವರು ಸರದಾರರ ಮನ್ಯಾಗ ಇದ್ದೇ ಇದ್ದಾರಲ್ಲ” ಎಂದರು ಪಂತರು.

ಯುಗಾದಿಯ ಮರುವಾರ ನಾಡಗೌಡರ ವಾಡೆಯ ಪಡಸಾಲೆಯಲ್ಲಿ ಶಾಲೆ ಶುರುವಾಯಿತು. ಹನ್ನೊಂದು ಹುಡುಗಿಯರು, ಹತ್ತೊಂಬತ್ತು ಹುಡುಗರು, ಒಬ್ಬ ಸರದಾರ. ಗೌಡರು ನನ್ನ ಮೇಲೆ ಕೂತು, ತೊಡೆಯ ಮೇಲೆ ಪಾಟಿ ಇಟ್ಟುಕೊಂಡು ಅ, ಆ ತಿದ್ದಿದರು. ಹಾಲಪ್ಪನ ಮೊಮ್ಮಗಳು ಕರೆವ್ವ ಪಕ್ಕದಲ್ಲೇ ಕೂರುತ್ತಿದ್ದಳು. “ಗೌಡ್ರ, ನಿಮ್ಮ ಋ ಹೊಟ್ಟಿ ಬಂದಂಗ ಆಗೈತಿ” ಎಂದು ಅವಳು ನಕ್ಕರೆ, ಗೌಡರು ಉಗುಳು ಹಚ್ಚಿ ಅಳಿಸುವರು. ಸಾವಂತ್ರಾಬಾಯಿ ಉಗುಳು ಹಚ್ಚಬಾರದೆಂದು ಇಬ್ಬರನ್ನೂ ಬೈಯುವರು.

ನಾಲ್ಕು ವರ್ಷವಾದ ಮೇಲೆ ಗೌಡರು ಮುಂಬಯಿಯ ಗವರ್ನರರ ಕೌನ್ಸಿಲ್ಲಿಗೆ ನೇಮಕವಾದರು. ರೈಲಿನಲ್ಲಿ ನನ್ನನ್ನೂ ಒಯ್ದರು. ಕೌನ್ಸಿಲ್ ಭವನದ ಬಾಗಿಲಲ್ಲಿ ಒಬ್ಬ ಬಿಳಿ ದೊರೆ, ಒಳಗೆ ಬೇಕಾದಷ್ಟು ಕುರ್ಚಿಗಳಿವೆ ಎಂದು ನನ್ನನ್ನು ತಡೆದ. ಹಾಗಾಗಿ ನಾನು ಬಿಡಾರದಲ್ಲೇ ಉಳಿದೆ. ಅಲ್ಲಿ ಗೌಡರು ನನ್ನ ಮೇಲೆ ಕೂತು ತಮ್ಮ ಭಾಷಣವನ್ನು ಹದಿನಾಲ್ಕು ಸಲ ಓದಿದರು. ಹಳ್ಳಿಗಳಿಗೆ ಕನ್ನಡ ಶಾಲೆ ಬೇಕೆಂಬುದೇ ಭಾಷಣ. ಮರುದಿನ ಅವರು ಅದನ್ನು ಕನ್ನಡದಲ್ಲೇ ಓದಿದರಂತೆ, ದುಭಾಷಿ ಇಂಗ್ಲಿಷಿಗೆ ತಿರುಗಿಸಿದನಂತೆ, ಒಬ್ಬ ಮುದಿ ದೊರೆ ಮೇಜು ಕುಟ್ಟಿದನಂತೆ. ಬಂದವರೇ ರುಮಾಲು ಮೇಲಕ್ಕೆ ಹಾರಿಸಿ ಹಿಡಿದು, ನನ್ನ ಮೇಲೆ ಧೊಪ್ಪನೆ ಕೂತರು. ಆ ವರ್ಷ ನಮ್ಮ ಸೀಮೆಗೆ ಒಂಬತ್ತು ಶಾಲೆಗಳು ಬಂದವು.

ಆ ಸಂಜೆ ಅವರು ಹೆಂಡತಿಗೆ ಕಾಗದ ಬರೆದರು. ಜೀವಮಾನದ ಮೊದಲ ಕಾಗದ. ಏನು ಬರೆದರೆಂದು ನನಗೆ ತಿಳಿಯದು. ಬರೆಯುವಾಗ ಮೀಸೆ ಕಚ್ಚುತ್ತಿದ್ದರು, ನಡುನಡುವೆ ಒಬ್ಬರೇ ನಗುತ್ತಿದ್ದರು. ಊರಿಗೆ ಬಂದಾಗ ಸಾವಂತ್ರಾಬಾಯಿ ಆ ಕಾಗದವನ್ನು ಗಂಡನ ಕೈಗೆ ಕೊಟ್ಟರು. ಹದಿಮೂರು ಕಡೆ ಕೆಂಪು ಮಸಿಯಿಂದ ತಿದ್ದಿದ್ದರು. “ಪ್ರೀತಿಗೆ ಪ-ಕಾರಕ್ಕ ರ-ಒತ್ತು ಕೊಡಬೇಕ್ರೀ” ಎಂದು ಹೇಳಿ ಒಳಗೆ ಹೋದರು. ಹೋಗುವಾಗ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ನಾಡಗೌಡರು ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಒಂದು ಭಾನುವಾರ ಊಟ ಮಾಡಿ, ಕರೆವ್ವನಿಂದ ಪತ್ರಿಕೆ ಕಸಿದುಕೊಂಡು ಓದುತ್ತ ನನ್ನ ಮೇಲೆಯೇ ಕಣ್ಣು ಮುಚ್ಚಿದರು. ಮಕ್ಕಳಿರಲಿಲ್ಲ. ಗಾದಿಯ ಬಲಗಡೆಯ ಜಾಗಕ್ಕೆ ಇಬ್ಬರು ದಾಯಾದಿಗಳು ಹೊಸ ರುಮಾಲು ಸುತ್ತಿಕೊಂಡು ಬಂದರು. ಶ್ರೀಮಂತರು ಇಬ್ಬರಿಗೂ ತಾಂಬೂಲ ಕೊಟ್ಟು ಕಳಿಸಿ, ಸಾವಂತ್ರಾಬಾಯಿಯವರಿಗೆ ಪಲ್ಲಕ್ಕಿ ಕಳಿಸಿದರು.

ದರಬಾರಿನಲ್ಲಿ ಹೆಂಗಸು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಮುಪ್ಪಿನ ವಿಸಾಜಿಪಂತರು ನನ್ನನ್ನು ತಾವೇ ಒರೆಸಿ ಇಟ್ಟಿದ್ದರು. ಬಾಯಿಯವರು ಬಿಳಿ ಸೀರೆಯ ಸೆರಗು ಹೊದ್ದು ಬಂದರು. ನನ್ನನ್ನು ನೋಡಿ ಒಂದು ಕ್ಷಣ ನಿಂತರು.

“ಕುರ್ಚಿ ಅವರ ಕಾಲಿನ ಸಲುವಾಗಿ ಮಾಡಿಸಿದ್ದು. ನನ್ನ ಮೊಳಕಾಲು ಗಟ್ಟಿ ಅದಾವು” ಎಂದರು. ಪಕ್ಕದಲ್ಲೇ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

ಗಣಪತರಾಯರು ಯಾರಿಗೂ ಎದ್ದು ನಿಲ್ಲಬೇಕಾದವರಲ್ಲ. ಅಂದು ಎದ್ದು ನಿಂತರು. ಪಂತರು ದಾರ ತರಲಿಲ್ಲ. ಬಾಯಿಯವರು ಆ ದಿನದ ಅರ್ಜಿಗಳ ಕಟ್ಟನ್ನು ಬಿಚ್ಚಿ, ಮೊದಲನೆಯದನ್ನು ಎಲ್ಲರಿಗೂ ಕೇಳುವಂತೆ ಓದತೊಡಗಿದರು.

ಈಗ ನಾನು ಶಾಲೆಯ ಆಫೀಸಿನ ಮೂಲೆಯಲ್ಲಿದ್ದೇನೆ. ಸಂಸ್ಥಾನವಿಲ್ಲ, ಅರಮನೆಯಲ್ಲಿ ಪಂಚಾಯತಿ ಕಚೇರಿ ಇದೆ. ಬೆತ್ತ ಹರಿದು ಪ್ಲಾಸ್ಟಿಕ್ ಪಟ್ಟಿ ಹೆಣೆದಿದ್ದಾರೆ, ಒಂದು ಗಿಳಿಯ ಕೊಕ್ಕು ಮುರಿದಿದೆ. ಹೆಡ್ ಮೇಡಂ ನನ್ನ ಮೇಲೆ ಹೆಲ್ಮೆಟ್ ಇಡುತ್ತಾರೆ. ನನ್ನ ಬೆನ್ನಿಗೆ ಸರದಾರ ಈರಸಂಗಪ್ಪ ನಾಡಗೌಡರು ಕುಳಿತ ಕುರ್ಚಿ ಎಂಬ ತಗಡಿನ ಫಲಕ ಹೊಡೆದಿದ್ದಾರೆ. ಹೊಸದಾಗಿ ಓದು ಕಲಿತ ಮಕ್ಕಳು ಬಂದು, ಬೆರಳಿಟ್ಟು ಅದನ್ನು ಓದುತ್ತಾರೆ.

ಅವರು ಓದುವುದು ನಿಜ. ಆದರೆ ನನಗೆ ಇನ್ನೂ ಒಂದು ಸಾಲು ಬರೆಸುವ ಆಸೆ: ಸಾವಂತ್ರಾಬಾಯಿ ಕೂರದೆ ಬಿಟ್ಟ ಕುರ್ಚಿ. ಖಾಲಿ ಇರುವುದೆಂದರೆ ಕುರ್ಚಿಗೆ ಅವಮಾನ ಎಂದುಕೊಂಡಿದ್ದೆ. ಪಕ್ಕದಲ್ಲಿ ಸಾವಂತ್ರಾಬಾಯಿ ನೆಲದ ಮೇಲೆ ಕೂತು ಓದುತ್ತಿದ್ದರು, ಅರಸರು ನಿಂತು ಕೇಳುತ್ತಿದ್ದರು. ಆ ಗುರುವಾರ ಖಾಲಿ ಇದ್ದಷ್ಟು ಹೆಮ್ಮೆ ನನಗೆ ಎಂದೂ ಆಗಿಲ್ಲ.