ಮೂವತ್ತೆಂಟು ಕಿಲೋ ಮರಳು

ಮೊದಲು ಸೆಂಟಿನ ವಾಸನೆ ಬಂತು, ಅದರ ಹಿಂದೆ ಕಂಪನಿಯವನು ಬಂದ. ಟೈ ಬಿಗಿದುಕೊಂಡಿದ್ದ. ಕಂಕುಳಲ್ಲಿದ್ದ ಬಿಳಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟು, ಅದರ ನೆತ್ತಿ ಸವರಿದ.

"ಹೊಸ ಮಾಡೆಲ್ಲು ಯಜಮಾನ್ರೇ. ನೋಡೋಕೇ ಎಷ್ಟು ಮುದ್ದಾಗಿದೆ ಅಲ್ವಾ?"

ಪ್ರಯೋಗಾಲಯದಲ್ಲಿ ಎಲ್ಲರೂ ಗೆರೆ ಮೇಷ್ಟ್ರು ಎನ್ನುವ ಮುದುಕರು ಕನ್ನಡಕದ ಮೇಲಿಂದ ಅವನನ್ನೊಮ್ಮೆ ನೋಡಿದರು. ಇಂಥವರನ್ನು ಅವರು ಮೂವತ್ತು ವರ್ಷಗಳಿಂದ ಕಂಡಿದ್ದರು. ಯಂತ್ರದ ಹೊಟ್ಟೆಯಲ್ಲಿ ಏನಿದೆಯೆಂದು ಗೊತ್ತಿಲ್ಲದಿದ್ದರೂ ಅದರ ಬಣ್ಣದ ಮೇಲೆ ಒಂದು ಗಂಟೆ ಭಾಷಣ ಬಿಗಿಯಬಲ್ಲವರು.

"ಮುದ್ದು ಅಳೆಯೋ ಮೀಟರ್ ನಮ್ಮಲ್ಲಿಲ್ಲ" ಎಂದರು.

ಅವರಲ್ಲಿದ್ದ ಮೀಟರು ಬೇರೆ. ಕರೆಂಟಿನಿಂದ ಓಡುವ ಪ್ರತಿಯೊಂದು ಯಂತ್ರವೂ ಸುತ್ತಲಿನ ಗಾಳಿಗೆ ಒಂದಿಷ್ಟು ರೇಡಿಯೊ ಗದ್ದಲವನ್ನು ಉಗುಳುತ್ತದೆ. ಅದು ಮಿತಿ ಮೀರಿದರೆ ಪಕ್ಕದಲ್ಲಿರುವ ರೇಡಿಯೊ ಕೆಡುತ್ತದೆ, ಇನ್ನೊಂದು ಯಂತ್ರ ತಪ್ಪು ಮಾಡುತ್ತದೆ. ಆದ್ದರಿಂದ ಮಾರಾಟಕ್ಕೆ ಮೊದಲು ಪ್ರತಿ ಮಾದರಿಯನ್ನೂ ಇಲ್ಲಿನ ಉಕ್ಕಿನ ಕೋಣೆಯೊಳಗೆ ತಿರುಗುಮೇಜಿನ ಮೇಲಿಟ್ಟು ಓಡಿಸುತ್ತಾರೆ. ಕೋಣೆಯ ಗೋಡೆಗೆಲ್ಲ ಚೂಪು ಮೂತಿಯ ಕಪ್ಪು ಸ್ಪಂಜು. ಎದುರಿಗೆ ನಿಂತ ಆಂಟೆನಾ ಯಂತ್ರದ ಗದ್ದಲವನ್ನು ಕೇಳಿಸಿಕೊಂಡು, ಹೊರಗಿನ ಪರದೆಯ ಮೇಲೆ ಹಸಿರು ಹಲ್ಲುಗಳ ಹಾಗೆ ಬರೆಯುತ್ತದೆ. ಹಲ್ಲುಗಳ ಮೇಲೊಂದು ಕೆಂಪು ಗೆರೆ. ಒಂದೇ ಒಂದು ಹಲ್ಲು ಗೆರೆ ದಾಟಿದರೂ ಯಂತ್ರ ಫೇಲು.

ಮೇಷ್ಟ್ರು ಪೆಟ್ಟಿಗೆ ಬಿಚ್ಚಿದರು. ಹಾಸಿಗೆ ಹಿಡಿದ ರೋಗಿಗಳ ಬೆನ್ನು ಹುಣ್ಣಾಗದಿರಲಿ ಎಂದು ಗಾಳಿಹಾಸಿಗೆಗೆ ಹಗಲಿರುಳೂ ಗಾಳಿ ಊದುವ ಪಂಪು. ಮೇಲಿನ ಚಿಪ್ಪು ಮಾತ್ರ ಹೊಸದು. ಒಳಗಿನ ಮೋಟಾರು ಅವರಿಗೆ ಚೆನ್ನಾಗಿ ಗುರುತಿದ್ದದ್ದೇ. ಅವರ ಕೈ ಅಲ್ಲಿಯೇ ನಿಂತಿತು.

ಹೋದ ವರ್ಷ ಅದೇ ಮೋಟಾರಿನ ಹಳೆಯ ಪಂಪು ಅವರ ಹೆಂಡತಿಯ ಮಂಚದ ಕೆಳಗೆ ನಾಲ್ಕು ತಿಂಗಳು ಗುರುಗುಟ್ಟಿತ್ತು. ಆಕೆಗೆ ಉಳಿದಿದ್ದ ಸುಖ ಒಂದೇ, ದಿಂಬಿನ ಪಕ್ಕದ ರೇಡಿಯೊದಲ್ಲಿ ಬೆಳಗಿನ ಪ್ರಾರ್ಥನೆ ಕೇಳುವುದು. ಪಂಪು ಬಂದ ದಿನದಿಂದ ಅದರಲ್ಲಿ ಬರೀ ಕರಕರ. ಮೇಷ್ಟ್ರು ಬ್ಯಾಟರಿ ಬದಲಿಸಿದರು, ರೇಡಿಯೊ ಬಿಚ್ಚಿ ಬೆಸುಗೆ ಹಾಕಿದರು, ಕೊನೆಗೆ, "ನೀನೇ ಆ ಗುಂಡಿ ತಿರುಗಿಸಿ ತಿರುಗಿಸಿ ಹಾಳು ಮಾಡಿದೀಯ" ಎಂದು ಆಕೆಯನ್ನೇ ಗದರಿದರು. ಪಂಪಿನ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ. ಅದರ ಬೆನ್ನಿನ ಮೇಲೆ ಪಾಸಾದ ಚೀಟಿ ಇತ್ತು, ಚೀಟಿ ಅವರ ಪ್ರಯೋಗಾಲಯದ್ದೇ. ಆಕೆ ತೀರಿಕೊಂಡ ಬೆಳಿಗ್ಗೆ ಯಾರೋ ಪಂಪು ಆರಿಸಿದರು. ಆ ಕ್ಷಣವೇ ರೇಡಿಯೊ ತಿಳಿನೀರಿನಂತೆ ಹಾಡತೊಡಗಿತು. ಕೇಳಬೇಕಾದವಳು ಇರಲಿಲ್ಲ.

"ಹಾಸಿಗೆ ಎಲ್ಲಿ?" ಎಂದು ಮೇಷ್ಟ್ರು ಕೇಳಿದರು.

"ಹಾಸಿಗೆ ಯಾಕೆ? ಅದು ಬರೀ ರಬ್ಬರು. ಪಂಪು ಓಡಿಸಿ, ಸಾಕು."

"ಕೊಳವೆ ಖಾಲಿ ಬಿಟ್ಟು ಓಡಿಸಿದ್ರೆ ಮೋಟಾರಿಗೆ ಕೆಲಸವೇ ಇರಲ್ಲ. ಹೊರೆ ಇಲ್ಲದ ಕತ್ತೆ ಒದೆಯುತ್ತೋ ಇಲ್ಲವೋ ಅಂತ ಹೇಗೆ ಹೇಳೋದು?"

"ಹಳೇ ಮಾಡೆಲ್ಲಿಗೆ ನೀವೇ ಅಲ್ವಾ ಸರ್ ಪಾಸ್ ಕೊಟ್ಟಿದ್ದು? ಆಗ ಹಾಸಿಗೆ ಕೇಳಿರ್ಲಿಲ್ಲ." ಅವನು ನಗುತ್ತಲೇ ಹಳೆಯ ವರದಿಯನ್ನು ಮುಂದೆ ಹಿಡಿದ.

ಕೆಳಗೆ ಅವರದೇ ರುಜು. 'ಹೊರೆ' ಎಂಬ ಅಂಕಣದಲ್ಲಿ ಒಂದು ಅಡ್ಡಗೆರೆ. ಆ ದಿನ ಅವರಿಗೆ ನೆನಪಿತ್ತು. ಬರೀ ಗಾಳಿ ಊದುವ ಡಬ್ಬಿ, ಇದಕ್ಕೇನು ಎಂಬ ತಾತ್ಸಾರದಿಂದ ಎಳೆದ ಗೆರೆ ಅದು. ಎದುರಿಗಿದ್ದ ಟೈಯವನ ಮೇಲಿನ ಅಸಹ್ಯದಲ್ಲಿ ಅರ್ಧವನ್ನು ಮೇಷ್ಟ್ರು ಹಿಂದಕ್ಕೆ ತೆಗೆದುಕೊಂಡು ತಮ್ಮ ಮೇಲೆಯೇ ಸುರಿದುಕೊಂಡರು. ಇವನಾದರೋ ತಿಳಿಯದವನು. ತಿಳಿದವರು ಮಾಡಿದ್ದೇನು?

ಅವರು ಮನೆಗೆ ಹೋಗಿ, ಅಟ್ಟದ ಮೇಲಿನಿಂದ ಹೆಂಡತಿಯ ಗಾಳಿಹಾಸಿಗೆಯನ್ನು ಇಳಿಸಿ, ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ತಂದರು. ಕಂಪನಿಯವನು ಮೂಗು ಮುಚ್ಚಿಕೊಂಡ.

"ನಮ್ಮ ಮಾಲಿಗೆ ಇಂಥ ಹಳೇ ಚಿಂದಿ ಜೋಡಿಸ್ತೀರಾ?"

"ಹಿಂದೆ ಮುದ್ರೆ ನೋಡು. ನಿಮ್ಮದೇ ಕಂಪನಿ ಚಿಂದಿ."

ಮಾತಿನ ಸದ್ದಿಗೆ ಪ್ರಯೋಗಾಲಯದ ಮುಖ್ಯಸ್ಥ ಓಡಿ ಬಂದ. ಅವನು ಮೇಷ್ಟ್ರ ಹೆಂಡತಿಯ ತಮ್ಮ. ಅಕ್ಕನಿಗೆ ಆ ಪಂಪನ್ನು ತಂದುಕೊಟ್ಟವನೂ ಅವನೇ.

"ಭಾವ, ಸಂಜೆಯೊಳಗೆ ರಿಪೋರ್ಟ್ ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ. ಸುಮ್ನೆ ಯಾಕೆ ಎಳೆದಾಡ್ತೀರಿ?"

"ಮರಳಿನ ಚೀಲ ತರಿಸು. ಮೂವತ್ತೆಂಟು ಕಿಲೋ."

"ಮೂವತ್ತೆಂಟಾ?" ಕಂಪನಿಯವನು ಕಿಸಕ್ಕನೆ ನಕ್ಕ. "ಇದು ಯಾವ ಸ್ಟ್ಯಾಂಡರ್ಡಿನಲ್ಲಿದೆ ಸರ್?"

"ನಿಮ್ಮ ಪೆಟ್ಟಿಗೆಯೊಳಗಿನ ಪುಸ್ತಕ ಓದಯ್ಯ. ಮೂವತ್ತರಿಂದ ನೂರಿಪ್ಪತ್ತು ಕಿಲೋ ರೋಗಿಗೆ ಅಂತ ನೀವೇ ಅಚ್ಚು ಹಾಕಿಸಿದೀರಿ. ಅದನ್ನ ಮಾರೋರು ಓದಬಾರದು ಅಂತ ಏನೂ ಇಲ್ಲ."

ಭಾವಮೈದುನ ನಗಲಿಲ್ಲ. ಆಸ್ಪತ್ರೆಯ ತಕ್ಕಡಿಯ ಮೇಲೆ ಅಕ್ಕನನ್ನು ಕೊನೆಯ ಸಲ ಎತ್ತಿ ಕೂರಿಸಿದವನು ಅವನು; ಮುಳ್ಳು ಅದೇ ಅಂಕಿಯ ಮೇಲೆ ನಿಂತಿತ್ತು. ಯಾರನ್ನೂ ಕರೆಯದೆ ತಾನೇ ಹೋಗಿ ಒಂದೊಂದೇ ಚೀಲ ತಂದ. ಕೋಣೆಯೊಳಗೆ ಹರಡಿದ ಹಾಸಿಗೆಯ ಮೇಲೆ ಭುಜದ ಜಾಗಕ್ಕೆರಡು, ಸೊಂಟಕ್ಕೆ ಮೂರು, ಕಾಲಿಗೆ ಒಂದು. ಕೊನೆಯದನ್ನು ಇಡುವಾಗ ಎತ್ತಿಹಾಕದೆ ಮೆಲ್ಲನೆ ಇಳಿಸಿದ.

ಉಕ್ಕಿನ ಬಾಗಿಲು ಮುಚ್ಚಿತು. ಮೊದಲು ಕೊಳವೆ ಖಾಲಿ ಬಿಟ್ಟು ಓಡಿಸಿದಾಗ ಹಸಿರು ಹಲ್ಲುಗಳು ಸಾಧುವಾಗಿ ಕೆಂಪು ಗೆರೆಯ ಕೆಳಗೇ ಇದ್ದವು. ಆಮೇಲೆ ಕೊಳವೆಯನ್ನು ಹಾಸಿಗೆಗೆ ಜೋಡಿಸಿ ಓಡಿಸಿದಾಗ ಮರಳಿನ ಭಾರಕ್ಕೆ ಮೋಟಾರು ತಿಣುಕಿತು. ಪರದೆಯ ಮೇಲೆ ರೇಡಿಯೊ ನಿಲ್ದಾಣಗಳು ಇರುವ ಜಾಗದಲ್ಲಿಯೇ ಹಲ್ಲುಗಳು ಸಾಲಾಗಿ ಎದ್ದು ಗೆರೆಯನ್ನು ದಾಟಿದವು.

"ಕೇಬಲ್ಲು ಸರಿ ಇಲ್ವೇನೋ" ಎಂದ ಕಂಪನಿಯವನು.

ಮೇಷ್ಟ್ರು ಅವನೆದುರೇ ಕೇಬಲ್ಲು ಬದಲಿಸಿ ಮತ್ತೆರಡು ಸಲ ಓಡಿಸಿದರು. ಎರಡು ಸಲವೂ ಅದೇ ಹಲ್ಲು.

"ಹಲ್ಲು ಕಿರಿಯೋದರಲ್ಲಿ ನಿಮ್ಮ ಪಂಪು ನಿಮ್ಮನ್ನೇ ಹೋಲುತ್ತೆ. ತಗೊಂಡು ಹೋಗಿ."

ಮೇಷ್ಟ್ರು ಗಾಳಿ ಹೋಗದಂತೆ ಹಾಸಿಗೆಯ ಬಾಯಿಗೆ ಬಿರಡೆ ಹಾಕಿ ಪಂಪನ್ನು ಬಿಡಿಸಿಕೊಟ್ಟರು. ಅವನು ಪೆಟ್ಟಿಗೆ ಎತ್ತಿಕೊಂಡು, ಬೇರೆ ಪ್ರಯೋಗಾಲಯ ಇಲ್ಲವೇನು ಎಂದು ಗೊಣಗುತ್ತ ಹೋದ. ಸೆಂಟಿನ ವಾಸನೆ ಮಾತ್ರ ಹೋಗಲಿಲ್ಲ.

ಮೇಷ್ಟ್ರು ಫೇಲಿನ ವರದಿ ಬರೆದು ಮುಗಿಸಿ, ಹಳೆಯ ವರದಿಯನ್ನೂ ಎಳೆದುಕೊಂಡರು.

"ಭಾವ, ಅದನ್ನ ಬಿಡಿ. ತಪ್ಪಾಯ್ತು ಅಂತ ಬರೆದ್ರೆ ಸರ್ಕಾರದ ಪ್ರಾಧಿಕಾರದವರು ಮಾರಿರೋ ಪಂಪೆಲ್ಲ ವಾಪಸ್ ತರಿಸ್ತಾರೆ. ನಿಮ್ಮ ಸಹಿಗೆ ಇನ್ಮೇಲೆ ಬೆಲೆ ಇರಲ್ಲ. ನಮ್ಮ ಲೈಸೆನ್ಸಿಗೂ ಸಂಚಕಾರ."

"ವಾಪಸ್ ತರಿಸ್ಲಿ ಅಂತಲೇ ಬರೀತಿರೋದು. ಎಷ್ಟು ಮನೆ ಮಂಚದ ಕೆಳಗೆ ಈ ದರಿದ್ರ ಗುರುಗುಡ್ತಿದೆಯೋ, ಯಾವ ಮೂರ್ಖ ಪಕ್ಕದಲ್ಲಿ ನಿಂತು ಕಾಯಿಲೆಯವಳನ್ನ ಬೈತಿದಾನೋ. ನನ್ನ ಸಹಿಗೆ ಬೆಲೆ ಇದ್ದಿದ್ರೆ ನಿಮ್ಮಕ್ಕನಿಗೆ ಪ್ರಾರ್ಥನೆ ಕೇಳಿಸ್ತಿತ್ತು ಕಣೋ."

ಭಾವಮೈದುನ ಮೇಜಿನ ಬಳಿಗೆ ಬಂದ. ಡ್ರಾಯರ್ ಎಳೆದು, ಪ್ರಯೋಗಾಲಯದ ಮೊಹರನ್ನು ತೆಗೆದು ಮೇಷ್ಟ್ರ ಮೊಣಕೈ ಪಕ್ಕದಲ್ಲಿಟ್ಟ.

ಮೇಷ್ಟ್ರು 'ಹೊರೆ' ಎಂಬ ಅಂಕಣದ ಅಡ್ಡಗೆರೆಯನ್ನು ಹೊಡೆದುಹಾಕಿ, 'ಪರೀಕ್ಷಿಸಿರಲಿಲ್ಲ' ಎಂದು ಬರೆದು, ಪಕ್ಕದಲ್ಲಿ ರುಜು ಹಾಕಿದರು. ಕೋಣೆಯೊಳಗೆ ಹೋಗಿ ಚೀಲಗಳನ್ನು ಒಂದೊಂದಾಗಿ ಇಳಿಸಿದರು. ಹಾಸಿಗೆಯ ಮೇಲೆ ಚೀಲಗಳು ಬಿಟ್ಟ ತಗ್ಗು ಒಳಗಿನ ಗಾಳಿಗೆ ಮೆಲ್ಲನೆ ತುಂಬಿಕೊಂಡು ಸಮವಾಗುವವರೆಗೂ ದೇವರ ಹೆಸರು ಹೇಳುತ್ತ ಅಲ್ಲಿಯೇ ಕುಳಿತಿದ್ದರು.